ಕದ್ದವರ ಸೈಟು ಮೇಲೆ, ಬರೆದವರ ಸೈಟು ಕೆಳಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಂಡ್ಯದವನು. 2013ರಿಂದ ಒಂದು ಸಣ್ಣ ಕನ್ನಡ ವೆಬ್‌ಸೈಟ್ ನಡೆಸುತ್ತಿದ್ದೇನೆ. ದಿನಾ ಬೆಳಗ್ಗೆ ಕೆಆರ್‌ಎಸ್ ನೀರಿನ ಮಟ್ಟ, ಒಳಹರಿವು, ಹೊರಹರಿವು, ಎಪಿಎಂಸಿಯ ಬೆಲ್ಲದ ದರ, ನಾಲೆಗೆ ನೀರು ಯಾವಾಗ ಬಿಡುತ್ತಾರೆ ಅನ್ನೋ ಸುದ್ದಿ. ನನ್ನ ಸಾಮ್ರಾಜ್ಯ ಇಷ್ಟೇ. "ನನಗೊಂದು ಸೈಟ್ ಇದೆ" ಅಂದರೆ ನಮ್ಮ ಕಡೆ ಎಲ್ಲರೂ ಕೇಳುವುದು "30-40ಆ, 40-60ಆ?" ಅಂತ. ಆ ಥರದ ಸೈಟ್ ಇದ್ದಿದ್ದರೆ ಇಷ್ಟು ಹೊತ್ತಿಗೆ ಬೆಲೆಯಾದರೂ ಏರಿರುತ್ತಿತ್ತು.

ತಿಂಗಳಿಗೊಮ್ಮೆ ಮೈಸೂರಿನಲ್ಲಿ, ಸರಸ್ವತಿಪುರಂನ ಒಂದು ಹೋಟೆಲಿನಲ್ಲಿ, ನನ್ನ ಥರದ ಐದಾರು ಜನ ಸೇರುತ್ತೇವೆ. ಒಬ್ಬರದು ಶ್ರೀರಂಗಪಟ್ಟಣದ ಹತ್ತಿರ ಹೋಮ್‌ಸ್ಟೇ. ಇನ್ನೊಬ್ಬರು ರಂಗನತಿಟ್ಟಿನ ಹಕ್ಕಿಗಳ ಬಗ್ಗೆ ಬರೆಯುತ್ತಾರೆ. ಮತ್ತೊಬ್ಬರು ಹೈಸ್ಕೂಲ್ ಮೇಷ್ಟ್ರು, ಗಣಿತದ ಪಾಠ ಹಾಕುತ್ತಾರೆ. ಕಾಫಿ ಟೇಬಲ್‌ಗೆ ಬರುವಷ್ಟರಲ್ಲಿ ಮಾತು ಒಂದೇ ಕಡೆಗೆ ತಿರುಗಿರುತ್ತದೆ. ಕಸದ ಸೈಟುಗಳು ಗೂಗಲ್‌ನಲ್ಲಿ ಮೇಲೆ, ನಾವು ಕೆಳಗೆ. ಪ್ರತಿಸಲ ಅದೇ ಪ್ರಶ್ನೆ, ಅದೇ ಉತ್ತರ. ಒಂದು ಸಲ ಬರೆದಿಟ್ಟರೆ ಮುಗಿಯಿತು ಅಂತ ಇಲ್ಲಿ ಬರೆದಿದ್ದೇನೆ.

ಸ್ಪ್ಯಾಮ್ ಸೈಟ್ ಅಂದರೆ ಯಾವುದು? ನಮಗೆ ಇಷ್ಟ ಆಗದ ಸೈಟೆಲ್ಲ ಸ್ಪ್ಯಾಮಾ?

ಅಲ್ಲ. ನಮಗಿಂತ ಚೆನ್ನಾಗಿ ಬರೆದು ಮೇಲೆ ಬಂದವರನ್ನೂ ಸ್ಪ್ಯಾಮ್ ಅಂತ ಬೈಯುವ ಚಟ ನಮ್ಮ ಗುಂಪಿನಲ್ಲೂ ಇದೆ. ಓದುವವರಿಗೆ ಏನೂ ಕೊಡದೆ, ಸರ್ಚ್ ಎಂಜಿನ್ನನ್ನು ಏಮಾರಿಸಲು ಮಾತ್ರ ಮಾಡಿದ ಸೈಟನ್ನು ನಾನು ಸ್ಪ್ಯಾಮ್ ಅನ್ನುತ್ತೇನೆ.

"ಮಂಡ್ಯದಲ್ಲಿ ಫ್ರಿಡ್ಜ್ ರಿಪೇರಿ" ಅಂತ ಹುಡುಕಿ. ಒಂದು ಪುಟ ಸಿಗುತ್ತದೆ. "ಮದ್ದೂರಿನಲ್ಲಿ" ಅಂತ ಹುಡುಕಿ, "ನಾಗಮಂಗಲದಲ್ಲಿ" ಅಂತ ಹುಡುಕಿ. ಅದೇ ಪುಟ, ಊರಿನ ಹೆಸರು ಮಾತ್ರ ಬೇರೆ. ಫೋನ್ ಮಾಡಿದರೆ ಎಲ್ಲ ಊರಿನ ಕರೆಯೂ ಒಂದೇ ಕಡೆ ಹೋಗುತ್ತದೆ, ಅಲ್ಲಿ ಕೂತವನು ಮಂಡ್ಯ ನೋಡಿಯೇ ಇರುವುದಿಲ್ಲ. ಇದಕ್ಕೆ ಡೋರ್‌ವೇ ಪುಟ ಅನ್ನುತ್ತಾರೆ. ಬೇರೆಯವರ ಬರಹ ಎತ್ತಿ ಹಾಕಿಕೊಳ್ಳುವುದು ಇನ್ನೊಂದು ಜಾತಿ. ಯಂತ್ರದಿಂದ ಸಾವಿರಗಟ್ಟಲೆ ಪುಟ ಬರೆಸುವುದು ಮತ್ತೊಂದು. ಒಳ್ಳೆ ಹೆಸರಿದ್ದ ಹಳೇ ಸೈಟಿನ ವಿಳಾಸ ನವೀಕರಣವಾಗದೆ ಬಿಟ್ಟುಹೋದಾಗ ಅದನ್ನು ಕೊಂಡು, ಒಳಗೆ ಜೂಜಿನ ಅಂಗಡಿ ತೆರೆಯುವವರೂ ಇದ್ದಾರೆ. ಮುಚ್ಚಿಹೋದ ಹಳೇ ಹೋಟೆಲಿನ ಬೋರ್ಡನ್ನು ಹಾಗೇ ಇಟ್ಟುಕೊಂಡು ಒಳಗೆ ಹಳಸಿದ್ದನ್ನು ಬಡಿಸಿದ ಹಾಗೆ.

ಬರೆದವನು ನಾನು. ನನ್ನದನ್ನೇ ಕದ್ದವನು ನನಗಿಂತ ಮೇಲೆ ಬರುವುದು ಹೇಗೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ನನಗೂ ಅರ್ಥವಾಗಲು ವರ್ಷಗಳೇ ಹಿಡಿದವು.

ಗೂಗಲ್ 1998ರಲ್ಲಿ ಶುರುವಾದಾಗ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಅವರ ಮುಖ್ಯ ಉಪಾಯ ಬಹಳ ಸರಳವಾಗಿತ್ತು. ಒಂದು ಪುಟ ಇನ್ನೊಂದಕ್ಕೆ ಲಿಂಕ್ ಕೊಟ್ಟರೆ ಅದು ಒಂದು ಶಿಫಾರಸು. ಊರಿಗೆ ಹೊಸಬರು ಬಂದಾಗ "ಒಳ್ಳೇ ಡಾಕ್ಟರು ಯಾರಪ್ಪಾ?" ಅಂತ ನಾಲ್ಕು ಜನರನ್ನು ಕೇಳುತ್ತಾರಲ್ಲ, ಹಾಗೆ. ಜಾಸ್ತಿ ಜನ ಯಾರ ಹೆಸರು ಹೇಳುತ್ತಾರೋ ಅವರು ಮೇಲೆ. ಆ ನಾಲ್ಕು ಜನಕ್ಕೆ ಮೊದಲೇ ದುಡ್ಡು ಕೊಟ್ಟು ನಿಲ್ಲಿಸಿದರೆ? ಸ್ಪ್ಯಾಮ್ ಮಾಡುವವರು ಅದನ್ನೇ ಮಾಡಿದರು. ಇವತ್ತು ಗೂಗಲ್ ಲಿಂಕ್ ಒಂದನ್ನೇ ನೋಡುವುದಿಲ್ಲ, ನಿಜ. ಆದರೆ ಲಿಂಕಿಗೆ ಬೆಲೆ ಹೋಗಿಲ್ಲ.

ಎರಡನೆಯದು, ಗೂಗಲ್‌ನ ಬಾಟ್, ಅಂದರೆ ಸೈಟುಗಳನ್ನು ಸುತ್ತಿ ಪುಟ ಓದುವ ಪ್ರೋಗ್ರಾಂ, ಎಲ್ಲ ಸೈಟಿಗೂ ಒಂದೇ ಸಲ ಬರುವುದಿಲ್ಲ. ಜಾಸ್ತಿ ಪುಟ, ಜಾಸ್ತಿ ಲಿಂಕ್ ಇರುವ ಕಡೆಗೆ ಗಂಟೆಗೊಮ್ಮೆ ಹೋಗಬಹುದು. ನನ್ನಂಥವನ ಸೈಟಿಗೆ ಎರಡು ದಿನ ಬಿಟ್ಟು ಬರಬಹುದು. ನಾನು ಬೆಳಗ್ಗೆ 7 ಗಂಟೆಗೆ ಬರೆದಿದ್ದು 7.05ಕ್ಕೆ ಅವರ ಸೈಟಿನಲ್ಲಿರುತ್ತದೆ, ಏಕೆಂದರೆ ಅವರ ಪ್ರೋಗ್ರಾಂ ನನ್ನ ಫೀಡನ್ನು (ಹೊಸ ಬರಹಗಳನ್ನು ತಾನಾಗಿ ಹೊರಗೆ ಕಳಿಸುವ ಪಟ್ಟಿ) ಕಾಯುತ್ತಾ ಕೂತಿರುತ್ತದೆ. ಬಾಟ್ ಅಲ್ಲಿ ಮೊದಲು ನೋಡುತ್ತದೆ. ಒಂದೇ ಬರಹ ಎರಡು ಕಡೆ ಕಂಡರೆ ಗೂಗಲ್ ಒಂದನ್ನು ಮೂಲ ಅಂತ ಆರಿಸಿ ಇನ್ನೊಂದನ್ನು ಬದಿಗಿಡುತ್ತದೆ. ಬದಿಗೆ ಹೋದವನು ನಾನು.

ಕದಿಯುತ್ತಾರೆ ಅನ್ನೋದಕ್ಕೆ ಪುರಾವೆ ಏನು ಅಂತ ಕೇಳುತ್ತೀರಾ? ಒಂದು ದಿನ ನಿದ್ದೆಗಣ್ಣಿನಲ್ಲಿ 114.20 ಅಡಿ ಅಂತ ಬರೆಯುವ ಬದಲು 141.20 ಅಂತ ಬರೆದುಬಿಟ್ಟೆ. ಕೆಆರ್‌ಎಸ್‌ನ ಪೂರ್ಣ ಮಟ್ಟವೇ 124.80 ಅಡಿ. ಪಾಂಡವಪುರದಿಂದ ಒಬ್ಬರು ಫೋನ್ ಮಾಡಿ, "ಏನಣ್ಣಾ, ಕಟ್ಟೆ ಮ್ಯಾಲೆ ನೀರು ಹರೀತಾ ಐತಾ?" ಅಂದರು. ಹತ್ತೇ ನಿಮಿಷದಲ್ಲಿ ತಿದ್ದಿದೆ. ಅಷ್ಟರಲ್ಲಿ ಮೂರು ಸೈಟುಗಳಲ್ಲಿ 141.20 ಬಂದಾಗಿತ್ತು. ಎರಡರಲ್ಲಿ ವಾರವಾದರೂ ಹಾಗೇ ಇತ್ತು. ಒಂದರಲ್ಲಂತೂ "ಕೆಆರ್‌ಎಸ್ ಡ್ಯಾಂ 141 ಅಡಿ, ರೈತರಿಗೆ ಸಿಹಿ ಸುದ್ದಿ" ಅಂತ ಶೀರ್ಷಿಕೆ ಬೇರೆ. ಅಷ್ಟು ನೀರು ನಿಂತರೆ ರೈತರಿಗೆ ಸಿಹಿ ಸುದ್ದಿ ಓದಲು ಊರೇ ಇರುವುದಿಲ್ಲ.

ಗೂಗಲ್‌ನವರಿಗೆ ಇದು ಗೊತ್ತಿಲ್ವಾ? ಏನೂ ಮಾಡ್ತಿಲ್ವಾ?

ಗೊತ್ತಿದೆ, ಮಾಡುತ್ತಲೂ ಇದ್ದಾರೆ. 2003ರ ನವೆಂಬರ್‌ನಲ್ಲಿ, ಯಾವ ಪುಟ ಮೇಲೆ ಯಾವುದು ಕೆಳಗೆ ಅನ್ನೋ ಗೂಗಲ್‌ನ ಲೆಕ್ಕಾಚಾರಕ್ಕೆ ಫ್ಲೋರಿಡಾ ಅನ್ನೋ ಹೆಸರಿನ ಬದಲಾವಣೆ ಬಂತು. ಒಂದೇ ಪದವನ್ನು ಪುಟದ ತುಂಬಾ ತುರುಕುವವರು ಬಿದ್ದರು. ಅವರ ಜೊತೆಗೆ ಅಮೆರಿಕದ ಎಷ್ಟೋ ಸಣ್ಣ ಅಂಗಡಿಗಳೂ ಕ್ರಿಸ್‌ಮಸ್ ವ್ಯಾಪಾರದ ಹೊತ್ತಿಗೇ ಬಿದ್ದವು. 2005ರಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂವರೂ ಸೇರಿ ನೋಫಾಲೋ ಅನ್ನೋ ಗುರುತು ತಂದರು. ಕಾಮೆಂಟುಗಳಲ್ಲಿ ಲಿಂಕ್ ಸುರಿದರೂ ಲಾಭ ಸಿಗಬಾರದು ಅಂತ. ಲಾಭ ಸಿಗದಿದ್ದರೂ ಸುರಿಯುವುದು ನಿಂತಿಲ್ಲ, ನನ್ನ ಕಾಮೆಂಟು ಡಬ್ಬಿಯೇ ಸಾಕ್ಷಿ. 2011ರಲ್ಲಿ ಪಾಂಡಾ ಅನ್ನೋ ಬದಲಾವಣೆ ಬಂದು ಅಗ್ಗದ ಬರಹದ ಕಾರ್ಖಾನೆಗಳನ್ನು ಹೊಡೆಯಿತು. 2012ರಲ್ಲಿ ಪೆಂಗ್ವಿನ್ ಬಂದು ಕೊಂಡ ಲಿಂಕುಗಳನ್ನು ಹೊಡೆಯಿತು. 2018ರಿಂದ ಸ್ಪ್ಯಾಮ್‌ಬ್ರೇನ್ ಅನ್ನೋ ಯಂತ್ರ ಕಲಿಕೆಯ ವ್ಯವಸ್ಥೆ ಇದೆ. 2024ರ ಮಾರ್ಚ್‌ನಲ್ಲಿ ಮೂರು ಹೊಸ ನಿಯಮ: ರಾಶಿಗಟ್ಟಲೆ ಪುಟ ಉತ್ಪಾದಿಸುವುದು, ಬಿಟ್ಟುಹೋದ ಹಳೇ ವಿಳಾಸ ಕೊಂಡು ಆಡುವುದು, ದೊಡ್ಡ ಸೈಟಿನ ಮೂಲೆಯನ್ನು ಬಾಡಿಗೆಗೆ ಹಿಡಿದು ಸಾಲ-ಕೂಪನ್ ಪುಟ ಹಾಕುವುದು, ಮೂರೂ ತಪ್ಪು. ಈ ಕೆಲಸದಿಂದ ಕಳಪೆ ಪುಟಗಳು ಶೇ 45ರಷ್ಟು ಕಡಿಮೆಯಾದವು ಅಂತ ಗೂಗಲ್ಲೇ ಹೇಳಿಕೊಂಡಿತು. ಉಳಿದ ಶೇ 55ರಲ್ಲಿ ದೊಡ್ಡ ಪಾಲು ನನ್ನ ಅಕ್ಕಪಕ್ಕದಲ್ಲೇ ಕೂತಿದೆ ಅಂತ ನನಗೆ ಅನಿಸುತ್ತದೆ.

2024ರಲ್ಲೇ ಜರ್ಮನಿಯ ಲೈಪ್‌ಜಿಗ್ ಮತ್ತು ವೈಮಾರ್‌ನ ಸಂಶೋಧಕರು ಒಂದು ಅಧ್ಯಯನ ಹೊರತಂದರು. ವಸ್ತುಗಳ ವಿಮರ್ಶೆ ಹುಡುಕುವ 7,392 ಪ್ರಶ್ನೆಗಳನ್ನು ಒಂದು ವರ್ಷ ಗಮನಿಸಿದರು. ಅಪ್‌ಡೇಟ್ ಬಂದಾಗ ಸ್ವಲ್ಪ ದಿನ ಕಸ ತಗ್ಗುತ್ತದೆ, ಆಮೇಲೆ ಮತ್ತೆ ಏರುತ್ತದೆ ಅಂತ ಅವರಿಗೆ ಕಂಡಿತು. ಗದ್ದೆ ಮಾಡಿದವರಿಗೆ ಇದಕ್ಕೆ ಅಧ್ಯಯನ ಬೇಕಿಲ್ಲ.

ಅಷ್ಟು ದೊಡ್ಡ ಕಂಪನಿ. ಮನಸ್ಸು ಮಾಡಿದರೆ ನಿಲ್ಲಿಸೋಕೆ ಆಗಲ್ವಾ?

ಪೂರ್ತಿ ನಿಲ್ಲಿಸುವುದು ಕಷ್ಟ. ದಿನಾ ಬರುವ ಹುಡುಕಾಟಗಳಲ್ಲಿ ಶೇ 15ರಷ್ಟು ಹಿಂದೆಂದೂ ಯಾರೂ ಕೇಳದೇ ಇದ್ದವು ಅಂತ ಗೂಗಲ್ ವರ್ಷಗಳಿಂದ ಹೇಳುತ್ತಾ ಬಂದಿದೆ. ಎಲ್ಲದಕ್ಕೂ ಮನುಷ್ಯರನ್ನು ಕೂರಿಸಲು ಆಗುವುದಿಲ್ಲ.

ಆದರೆ ನನ್ನ ತಕರಾರು ಬೇರೆ. ಸ್ಪ್ಯಾಮ್ ಮಾಡುವವನಿಗೆ ಸೈಟ್ ಅಂದರೆ ಅಡಿಕೆ ಹಾಳೆ ತಟ್ಟೆ. ಉಂಡ, ಎಸೆದ. ಕೆಲವು ನೂರು ರೂಪಾಯಿಗೆ ಇನ್ನೊಂದು ವಿಳಾಸ ಸಿಗುತ್ತದೆ. ಅವನ ನೂರು ಸೈಟಿನಲ್ಲಿ ತೊಂಬತ್ತು ಸಿಕ್ಕಿಬಿದ್ದರೂ ಉಳಿದ ಹತ್ತು ದುಡಿದು ಕೊಡುತ್ತವೆ. ಶಿಕ್ಷೆ ಅನ್ನೋದು ಅವನಿಗೆ ಖರ್ಚಿನ ಬಾಬ್ತು, ಅಷ್ಟೇ. ನನಗಿರುವುದು ಒಂದೇ ಸೈಟು, ಒಂದೇ ಹೆಸರು. ಹಾಗಾಗಿ ಗೂಗಲ್ ಬಿಗಿ ಮಾಡಿದಷ್ಟೂ ನೋವಾಗುವುದು ಓಡಿಹೋಗದೇ ನಿಂತವರಿಗೆ. ಕಳೆನಾಶಕ ಹೊಡೆದರೆ ಪೈರು ಸುಟ್ಟುಹೋಗಿ, ಪಾರ್ಥೇನಿಯಂ ಬದುವಿನ ಆಚೆ ಮತ್ತೆ ಚಿಗುರಿದ ಹಾಗೆ.

ಕನ್ನಡದಲ್ಲಿ ಇದು ಇನ್ನೂ ಸುಲಭದ ಆಟ. ಇಂಗ್ಲಿಷಿನಲ್ಲಿ ಒಂದು ವಿಷಯಕ್ಕೆ ಸಾವಿರ ಒಳ್ಳೆ ಪುಟ ಇರುತ್ತವೆ, ಕಸ ಮೇಲೆ ಬರಲು ಒದ್ದಾಡಬೇಕು. ನಮ್ಮಲ್ಲಿ ಎಷ್ಟೋ ವಿಷಯಕ್ಕೆ ನಾಲ್ಕು ಪುಟ ಇರುವುದಿಲ್ಲ. ಹಾಳೂರಿಗೆ ಉಳಿದವನೇ ಗೌಡ.

ಜಾಹೀರಾತಿನ ದುಡ್ಡಿಗಾಗಿ ಬೇಕಂತಲೇ ಬಿಡ್ತಾರೆ ಅಂತಾರಲ್ಲ?

ಹೋಮ್‌ಸ್ಟೇ ಸ್ನೇಹಿತರು ಇದನ್ನು ಟೇಬಲ್ ಗುದ್ದಿ ಹೇಳುತ್ತಾರೆ. ಕಸದ ಸೈಟುಗಳಲ್ಲೂ ಗೂಗಲ್‌ನ ಜಾಹೀರಾತೇ ಓಡುತ್ತದೆ, ಅದರ ಒಂದು ಪಾಲು ಗೂಗಲ್‌ಗೇ ಹೋಗುತ್ತದೆ, ಅದು ಸುಳ್ಳಲ್ಲ. ಆದರೆ ಬೇಕಂತಲೇ ಬಿಡುತ್ತಾರೆ ಅನ್ನೋಕೆ ನನ್ನ ಹತ್ತಿರ ಪುರಾವೆ ಇಲ್ಲ. ನಾನು ನಂಬುವುದೂ ಇಲ್ಲ. ಹುಡುಕಿದ್ದು ಸಿಗದಿದ್ದರೆ ಅವರಿಗೂ ನಷ್ಟವೇ.

ಅವಸರ ಇಲ್ಲ ಅನ್ನೋದನ್ನು ಮಾತ್ರ ನಂಬುತ್ತೇನೆ. 2024ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ, ಸರ್ಚ್ ವ್ಯವಹಾರದಲ್ಲಿ ಗೂಗಲ್ ಕಾನೂನು ಮೀರಿ ಏಕಸ್ವಾಮ್ಯ ಕಾಪಾಡಿಕೊಂಡಿದೆ ಅಂತ ತೀರ್ಪು ಕೊಟ್ಟರು. ಊರಿಗೆ ಒಂದೇ ಅಂಗಡಿ ಇದ್ದರೆ ಅಕ್ಕಿಯಲ್ಲಿ ಕಲ್ಲಿದ್ದರೂ ಗಿರಾಕಿ ಎಲ್ಲಿಗೆ ಹೋಗುತ್ತಾನೆ?

ನಾನು ಯಾವ ತಪ್ಪೂ ಮಾಡಿಲ್ಲ. ಆದರೂ ನನ್ನ ಸೈಟು ಬಿತ್ತು. ಯಾರನ್ನು ಕೇಳಲಿ?

ಮೊದಲು ಸರ್ಚ್ ಕನ್ಸೋಲ್ (ಸೈಟಿನ ಮಾಲೀಕರಿಗೆ ಗೂಗಲ್ ಕೊಡುವ ಉಪಕರಣ) ತೆರೆದು ಮ್ಯಾನುಯಲ್ ಆಕ್ಷನ್ ಅನ್ನೋ ಜಾಗ ನೋಡಿ. ಅಲ್ಲಿ ಏನಾದರೂ ಇದ್ದರೆ, ಒಬ್ಬ ಮನುಷ್ಯ ನಿಮ್ಮ ಸೈಟ್ ನೋಡಿ ಶಿಕ್ಷೆ ಕೊಟ್ಟಿದ್ದಾನೆ ಅಂತ ಅರ್ಥ. ಅದು ಒಳ್ಳೆಯದೇ. ಸರಿಪಡಿಸಿ, ಮತ್ತೊಮ್ಮೆ ನೋಡಿ ಅಂತ ಅರ್ಜಿ ಹಾಕಬಹುದು, ಉತ್ತರ ಬರುತ್ತದೆ.

ಅಲ್ಲಿ ಏನೂ ಇಲ್ಲದೆ ಬಿದ್ದಿದ್ದರೆ ಅದು ಅಲ್ಗಾರಿದಂ, ಅಂದರೆ ಯಂತ್ರದ ಲೆಕ್ಕಾಚಾರದ ಕೆಲಸ. ನೋಟಿಸ್ ಇಲ್ಲ, ಅರ್ಜಿ ಇಲ್ಲ, ಕಿಟಕಿ ಇಲ್ಲ. ಯಾವುದೇ ಸರ್ಕಾರಿ ಕಚೇರಿಯಲ್ಲಿ ಕಡೇಪಕ್ಷ "ಸಾಹೇಬ್ರು ಊಟಕ್ಕೆ ಹೋಗಿದ್ದಾರೆ" ಅಂತಲಾದರೂ ಹೇಳುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ "ಉಪಯುಕ್ತ ಬರಹ"ಕ್ಕೆ ಬೆಲೆ ಕೊಡುವ ಅಪ್‌ಡೇಟ್ ಬಂದಾಗ ಜಗತ್ತಿನ ಎಷ್ಟೋ ಸಣ್ಣ ಸೈಟುಗಳು ಕುಸಿದವು. ಹೋಮ್‌ಸ್ಟೇ ಸೈಟೂ ಅದರಲ್ಲೇ ಹೋಯಿತು. ನಿಮಿಷಾಂಬ ದೇವಸ್ಥಾನಕ್ಕೆ ಹೇಗೆ ಹೋಗಬೇಕು, ಸಂಗಮದಲ್ಲಿ ಯಾವ ಹೊತ್ತಿಗೆ ಜನ ಕಡಿಮೆ, ಎಲ್ಲ ಸ್ವಂತ ಅನುಭವದಿಂದ ಬರೆದಿದ್ದರು. ಈಗ ಅವರ ಜಾಗದಲ್ಲಿರುವ ಪುಟ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ "ಹತ್ತಿರದ ವಿಮಾನದಲ್ಲಿ ಬನ್ನಿ" ಅನ್ನುತ್ತದೆ.

ದೊಡ್ಡವರಿಗೂ ಹೀಗಾಗುತ್ತದಾ? ಆಗಿದೆ. 2006ರ ಫೆಬ್ರುವರಿಯಲ್ಲಿ ಬಿಎಂಡಬ್ಲ್ಯು ಕಂಪನಿಯ ಜರ್ಮನ್ ಸೈಟು ಡೋರ್‌ವೇ ಪುಟ ಇಟ್ಟಿದ್ದಕ್ಕೆ ಗೂಗಲ್ ಅದನ್ನು ತೆಗೆದುಹಾಕಿತ್ತು. ಕೆಲವೇ ದಿನಗಳಲ್ಲಿ ವಾಪಸ್ ಬಂತು. ಹೋಮ್‌ಸ್ಟೇ ಸ್ನೇಹಿತರು ಇನ್ನೂ ಕಾಯುತ್ತಿದ್ದಾರೆ.

ದೂರು ಕೊಟ್ಟರೆ ಏನಾದರೂ ಆಗುತ್ತಾ?

ಯಾವ ದೂರು ಅನ್ನೋದರ ಮೇಲೆ ಹೋಗುತ್ತದೆ. ಗೂಗಲ್‌ನ ಸ್ಪ್ಯಾಮ್ ರಿಪೋರ್ಟ್ ಫಾರಂ ಇದೆ. ತುಂಬಿ. ಒಂದೊಂದು ದೂರಿಗೂ ಉತ್ತರ ಬರುವುದಿಲ್ಲ. ದೇವರ ಹುಂಡಿಗೆ ಚೀಟಿ ಹಾಕಿದ ಹಾಗೆ.

ಕೃತಿಸ್ವಾಮ್ಯದ ದೂರು ಹಾಗಲ್ಲ, ಕೆಲಸ ಮಾಡುತ್ತದೆ. ಕದ್ದ ಪುಟದ ವಿಳಾಸ, ನಿಮ್ಮ ಮೂಲ ಪುಟದ ವಿಳಾಸ, ಎರಡನ್ನೂ ಒಂದೊಂದಾಗಿ ಕೊಡಬೇಕು. "ಇಡೀ ಸೈಟೇ ಕದ್ದಿದ್ದು" ಅಂದರೆ ನಡೆಯುವುದಿಲ್ಲ. ನಿಮ್ಮ ದೂರಿನ ಪ್ರತಿ ಲುಮೆನ್ ಅನ್ನೋ ಸಾರ್ವಜನಿಕ ಸಂಗ್ರಹಕ್ಕೆ ಹೋಗಬಹುದು, ಅದು ತಿಳಿದಿರಲಿ. ಒಂದು ಸೂಕ್ಷ್ಮವಿದೆ. ನೀರಿನ ಮಟ್ಟ, ಬೆಲ್ಲದ ದರ, ಇವು ಮಾಹಿತಿ. ಅಂಕಿ ನನ್ನದಲ್ಲ, ಅದನ್ನು ಯಾರು ಬೇಕಾದರೂ ಹೇಳಬಹುದು. ನಾನು ಬರೆದ ವಾಕ್ಯ, ತೆಗೆದ ಫೋಟೋ ನನ್ನವು. ನಾನು ಮೊದಲು ಬರೀ ಅಂಕಿ ಹಾಕುತ್ತಿದ್ದೆ, ದೂರು ಕೊಡಲು ಕೈಯಲ್ಲಿ ಏನೂ ಇರಲಿಲ್ಲ. ಈಗ ಜೊತೆಗೆ ನಾಲ್ಕು ಸಾಲು ಬರೆಯುತ್ತೇನೆ.

ಗೂಗಲ್‌ಗಿಂತ ಮೊದಲು ಕದ್ದ ಸೈಟಿನ ಹೋಸ್ಟಿಂಗ್ ಕಂಪನಿಗೆ, ಅಂದರೆ ಆ ಸೈಟಿಗೆ ಜಾಗ ಬಾಡಿಗೆ ಕೊಟ್ಟವರಿಗೆ, ಬರೆದು ನೋಡಿ. ಸೈಟಿನ ವಿಳಾಸದ ನೋಂದಣಿ ವಿವರ ತೋರಿಸುವ ಹೂ ಈಸ್ (WHOIS) ಹುಡುಕಾಟದಲ್ಲಿ ಸಾಮಾನ್ಯವಾಗಿ ದೂರಿನ ಇಮೇಲ್ ಸಿಗುತ್ತದೆ. ನನ್ನ ಮೂರು ಕಳ್ಳರಲ್ಲಿ ಒಬ್ಬ ಹಾಗೇ ಮುಚ್ಚಿಹೋದ. ದುಡ್ಡು ಕಳೆದುಕೊಂಡಿದ್ದರೆ, ಉದಾಹರಣೆಗೆ ನಕಲಿ ದಸರಾ ಪಾಸ್ ಅಥವಾ ನಕಲಿ ಹೋಟೆಲ್ ಬುಕಿಂಗ್, ಗೂಗಲ್‌ಗೆ ಬರೆಯುತ್ತಾ ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನಮ್ಮ ಶಾಲೆಯ ಸೈಟು ಹುಡುಕಿದರೆ ಜಪಾನಿ ಅಕ್ಷರ ಬರುತ್ತೆ. ಸೈಟು ತೆರೆದರೆ ಎಲ್ಲ ಸರಿ ಇದೆ. ಇದೇನು ಮಾಟ?

ಮಾಟ ಅಲ್ಲ, ಹ್ಯಾಕ್. ನಿಮ್ಮ ಸೈಟಿನೊಳಗೆ ಯಾರೋ ನುಗ್ಗಿ ಸಾವಿರಾರು ಪುಟ ಇಟ್ಟಿದ್ದಾರೆ. ಮನುಷ್ಯರು ಬಂದರೆ ಹಳೇ ಪುಟ, ಗೂಗಲ್ ಬಾಟ್ ಬಂದರೆ ನಕಲಿ ಮಾಲಿನ ಅಂಗಡಿ. ಅದಕ್ಕೇ ನಿಮಗೆ ಕಾಣುವುದಿಲ್ಲ. ಮೇಷ್ಟ್ರ ಗಣಿತದ ಸೈಟಿಗೇ ಹೀಗಾಗಿತ್ತು. ತ್ರಿಕೋನಮಿತಿ ಪಾಠದ ಪಕ್ಕದಲ್ಲಿ ಜಪಾನಿ ಭಾಷೆಯಲ್ಲಿ ಕೈಚೀಲ ಮಾರಾಟ.

ಸರ್ಚ್ ಕನ್ಸೋಲ್‌ನಲ್ಲಿ ಯುಆರ್‌ಎಲ್ ಇನ್‌ಸ್ಪೆಕ್ಷನ್ ಮಾಡಿದರೆ ಗೂಗಲ್‌ಗೆ ಏನು ಕಾಣುತ್ತಿದೆ ಅಂತ ಗೊತ್ತಾಗುತ್ತದೆ. ಅಲ್ಲೇ ಮಾಲೀಕರ ಪಟ್ಟಿ ನೋಡಿ, ಗುರುತಿಲ್ಲದ ಇಮೇಲ್ ಇದ್ದರೆ ಅದೇ ಕಳ್ಳ. ತೆಗೆಯಿರಿ, ಪಾಸ್‌ವರ್ಡ್ ಎಲ್ಲ ಬದಲಿಸಿ, ಸೈಟ್ ನಡೆಸುವ ವರ್ಡ್‌ಪ್ರೆಸ್ ತಂತ್ರಾಂಶ ಮತ್ತು ಅದಕ್ಕೆ ಸೇರಿಸಿದ ಪ್ಲಗಿನ್ ಅಪ್‌ಡೇಟ್ ಮಾಡಿ. ಹ್ಯಾಕ್ ಆಗುವುದಕ್ಕಿಂತ ಹಿಂದಿನ ಬ್ಯಾಕಪ್ ಇದ್ದರೆ ಅದನ್ನೇ ಹಾಕಿ. ಮೇಷ್ಟ್ರು ಸಿಕ್ಕಿಬಿದ್ದಿದ್ದು ಪುಕ್ಕಟೆ ಸಿಕ್ಕ ಕದ್ದ ಥೀಮ್‌ನಿಂದ (ಸೈಟಿನ ಸಿದ್ಧ ವಿನ್ಯಾಸ). ಆಮೇಲೆ ನಮ್ಮ ಗುಂಪಿನಲ್ಲಿ ಕಳ್ಳರನ್ನು ಬೈಯುವಾಗ ಮೇಷ್ಟ್ರು ಸುಮ್ನೆ ಕಾಫಿ ಕುಡಿಯುತ್ತಾರೆ.

5,000 ಬ್ಯಾಕ್‌ಲಿಂಕ್ (ಬೇರೆ ಸೈಟುಗಳಿಂದ ನಿಮ್ಮ ಸೈಟಿಗೆ ಲಿಂಕ್) ಕೊಡ್ತೀವಿ, ಮೊದಲ ಪುಟ ಗ್ಯಾರಂಟಿ ಅಂತ ಫೋನ್ ಬಂತು. ತಗೊಳ್ಳಲಾ?

ಬೇಡ.

ಬೇರೆ ಯಾರೋ ನಮ್ಮ ಸೈಟಿಗೆ ಕೆಟ್ಟ ಲಿಂಕ್ ಹಾಕಿದ್ದಾರೆ. ಭಯ ಆಗ್ತಿದೆ.

ಅಂಥ ಲಿಂಕುಗಳಲ್ಲಿ ಹೆಚ್ಚಿನವನ್ನು ಗೂಗಲ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೇಡವಾದ ಲಿಂಕುಗಳನ್ನು ನಿರಾಕರಿಸುವ ಡಿಸ್‌ಅವೋ ಉಪಕರಣ 2012ರಿಂದ ಇದೆ. ಆದರೆ ಮ್ಯಾನುಯಲ್ ಆಕ್ಷನ್ ಬಂದಿಲ್ಲವೆಂದರೆ ಅದನ್ನು ಮುಟ್ಟಬೇಡಿ. ಗಾಬರಿಯಲ್ಲಿ ಒಳ್ಳೆ ಲಿಂಕನ್ನೂ ಕಡಿದುಕೊಂಡವರಿದ್ದಾರೆ.

ಎಐ ಬಂದ ಮೇಲೆ ಇದು ಜಾಸ್ತಿ ಆಯ್ತಾ?

ಆಯಿತು. ಮೊದಲು ಕದಿಯಲು ಮೂಲವಾದರೂ ಬೇಕಿತ್ತು. ಈಗ ಅದೂ ಬೇಡ. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಬಂದಿದ್ದು 2011ರಲ್ಲಿ. ಆಗಿನ ಯಂತ್ರದ ಕನ್ನಡವನ್ನು ಎರಡೇ ಸಾಲಿನಲ್ಲಿ ಹಿಡಿಯಬಹುದಿತ್ತು. ಈಗಿನದು ನುಣುಪಾಗಿದೆ, ಎರಡು ಪ್ಯಾರಾ ಓದಿದ ಮೇಲೆ ಹೊಟ್ಟೆ ತುಂಬಿಲ್ಲ ಅನಿಸುತ್ತದೆ, ಅಷ್ಟೇ ಗುರುತು.

ಆದರೂ ಆಗಾಗ ಜಾರುತ್ತದೆ. ಬೆಲ್ಲದ ಬಗ್ಗೆ ಒಂದು ಸೈಟಿನಲ್ಲಿ "ಬಿಸಿ ಪಾಕವನ್ನು ಬೂಷ್ಟಿಗೆ ಸುರಿಯಬೇಕು, ಒಳ್ಳೆಯ ಬೂಷ್ಟು ಇದ್ದರೆ ಒಳ್ಳೆಯ ಬೆಲ್ಲ" ಅಂತ ಓದಿದೆ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಇಂಗ್ಲಿಷಿನಲ್ಲಿ ಅಚ್ಚಿಗೂ ಬೂಷ್ಟಿಗೂ ಒಂದೇ ಪದ. ನಮ್ಮ ಪಕ್ಕದ ಊರಿನ ಆಲೆಮನೆಯವರಿಗೆ ಓದಿ ಹೇಳಿದೆ. "ಅವ್ನ ಕರ್ಕೊಂಡ್ ಬಾ, ಬೂಷ್ಟ್ ಹಿಡ್ದಿರೋದೇ ಎರಡು ಉಂಡೆ ಕೊಟ್ಟು ಕಳಿಸ್ತೀನಿ" ಅಂದರು. ಆ ಪುಟ ಬೆಲ್ಲ ಮಾಡುವ ವಿಧಾನಕ್ಕೆ ಹಲವು ತಿಂಗಳು ಮೊದಲ ಸ್ಥಾನದಲ್ಲಿತ್ತು.

ಬಿಂಗ್, ಡಕ್‌ಡಕ್‌ಗೋ ಬಳಸಿದರೆ?

ಅವೂ ಗೂಗಲ್ ಥರದ ಸರ್ಚ್ ಎಂಜಿನ್‌ಗಳೇ, ಬಳಸಿ ನೋಡಿ. ಮೇಲೆ ಹೇಳಿದ ಜರ್ಮನ್ ಅಧ್ಯಯನ ಅವೆರಡನ್ನೂ ನೋಡಿತ್ತು, ಕಸ ಅಲ್ಲೂ ಇತ್ತು. ನನ್ನ ಸೈಟು ಬಿಂಗ್‌ನಲ್ಲಿ ಕಳ್ಳರಿಗಿಂತ ಮೇಲಿದೆ. ಆದರೆ ಅಲ್ಲಿಂದ ಬರುವ ಓದುಗರನ್ನು ಬೆರಳಲ್ಲಿ ಎಣಿಸಬಹುದು.

ನೀವೇನು ಮಾಡಿದಿರಿ?

ಫೀಡಿನಲ್ಲಿ ಪೂರ್ತಿ ಬರಹ ಕೊಡುವುದನ್ನು ನಿಲ್ಲಿಸಿದೆ, ಎರಡು ಸಾಲು ಮಾತ್ರ. ಪ್ರತಿ ಬರಹದಲ್ಲೂ ನನ್ನದೇ ಹಳೇ ಪುಟಕ್ಕೆ ಒಂದು ಲಿಂಕ್ ಇಡುತ್ತೇನೆ, ಕಣ್ಣುಮುಚ್ಚಿ ಕದ್ದವರು ಅದನ್ನೂ ಹೊತ್ತುಕೊಂಡು ಹೋಗುತ್ತಾರೆ. ಬರೆದ ತಕ್ಷಣ ಸರ್ಚ್ ಕನ್ಸೋಲ್‌ನಲ್ಲಿ ಇಂಡೆಕ್ಸ್ ಮಾಡಿ, ಅಂದರೆ ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ ಅಂತ ಗೂಗಲ್‌ಗೆ ಕೇಳುತ್ತೇನೆ. ಎರಡು ಆಲೆಮನೆ ಗೋಡೆಯ ಮೇಲೆ, ಒಂದು ಗೊಬ್ಬರದ ಅಂಗಡಿಯಲ್ಲಿ ಸೈಟಿನ ಹೆಸರು ಬರೆಸಿದ್ದೇನೆ. ಪೇಂಟರ್‌ಗೆ ಕೊಟ್ಟಿದ್ದು 900 ರೂಪಾಯಿ. ಇಷ್ಟು ವರ್ಷದಲ್ಲಿ ಸೈಟಿಗಾಗಿ ನಾನು ಮಾಡಿದ ಅತಿ ಲಾಭದ ಖರ್ಚು ಅದೇ. ವಾಟ್ಸ್ಯಾಪ್ ಚಾನೆಲ್ ಶುರು ಮಾಡಿದ್ದೇನೆ. ಅಲ್ಲಿಂದ ಬರುವವರಿಗೆ ಗೂಗಲ್ ದಾರಿ ತೋರಿಸಬೇಕಿಲ್ಲ.

ಇನ್ನೊಂದು ಸೈಟಿನಲ್ಲೂ ನಿಮ್ಮ ಫೋನ್ ನಂಬರೇ ಇದೆಯಲ್ಲ, ಅದು ನಿಮ್ಮ ಬ್ರಾಂಚಾ?

ಅಲ್ಲ. ಬರಹದ ಜೊತೆ ನಂಬರನ್ನೂ ಕದ್ದಿದ್ದಾರೆ. ಅಲ್ಲಿ ತಪ್ಪು ಮಟ್ಟ ನೋಡಿದವರು ಬೆಳಗ್ಗೆ ಆರೂವರೆಗೆ ನನಗೇ ಫೋನ್ ಮಾಡಿ ಬೈಯುತ್ತಾರೆ. ನೀವೂ ಮಾಡಿ, ಪರವಾಗಿಲ್ಲ, ಸರಿಯಾದ ಮಟ್ಟ ಹೇಳುತ್ತೇನೆ. ಏಳು ಗಂಟೆ ಮೇಲೆ ಮಾಡಿದರೆ ಒಳ್ಳೆಯದು.